ಅಮ್ಮನಿಗೆ ಎಷ್ಟು ಆಸರೆ ಬೇಕು? – ಓದುಗರ ಸ್ಪಂದನ

ಬೆಂಗಳೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ತಾಯಿಯ ವಿಷಯವಾಗಿ ಸಲಹೆ ಕೇಳಿದ್ದರು. ಮಲೆನಾಡಿನ ಊರಿನಲ್ಲಿ ಒಬ್ಬರೇ ಇರುವ 78 ವರ್ಷದ ಆ ನಿವೃತ್ತ ಶಿಕ್ಷಕಿ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯ ನಂತರ ವಾಕರ್ ಹಿಡಿದು ನಡೆಯುತ್ತಾರಾದರೂ ಮರೆವು ಹೆಚ್ಚಿದೆ, ಮಾತ್ರೆಯನ್ನು ಎರಡೆರಡು ಸಲ ನುಂಗುತ್ತಾರೆ, ಸಂಜೆಯಾದರೆ ಗಲಿಬಿಲಿಗೊಳ್ಳುತ್ತಾರೆ. ನಗರದ ಹೊರವಲಯದ ಹಿರಿಯರ ವಸತಿಯೊಂದರಲ್ಲಿ ಮೂರು ಬಗೆಯ ವ್ಯವಸ್ಥೆ ಇದೆ: ಸ್ವತಂತ್ರವಾಗಿರುವ ಫ್ಲ್ಯಾಟು, ಸಹಾಯಕರು ಜೊತೆಗಿರುವ ಅಸಿಸ್ಟೆಡ್ ಲಿವಿಂಗ್, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರ ಪ್ರತ್ಯೇಕ ವಿಭಾಗ. ಮೊದಲನೆಯದು ಸಾಕೆಂದು ಅಮೆರಿಕದಲ್ಲಿರುವ ಅಣ್ಣ ಹೇಳುತ್ತಾರೆ. ಮೂರನೆಯದೇ ಬೇಕಾದೀತೆಂದು ಮಗಳಿಗೆ ಭಯ. ಖರ್ಚಿಗೆ ಊರಿನ ಮನೆ ಮಾರುವ ಯೋಚನೆಯೂ ಇದೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಚಿಕ್ಕದಾದರೂ ಮೊದಲು ಇಡಬೇಕೆನಿಸಿದ ಪತ್ರ ಇದು.

ನಿಮ್ಮ ಪತ್ರದಲ್ಲಿ ಅಣ್ಣನ ಅಭಿಪ್ರಾಯ ಇದೆ, ನಿಮ್ಮ ಭಯ ಇದೆ, ವಸತಿಯ ವ್ಯವಸ್ಥಾಪಕರ ಮಾತೂ ಇದೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ, ಇಂದಿಗೂ ತಮ್ಮ ಪಿಂಚಣಿಯಲ್ಲೇ ಬದುಕುತ್ತಿರುವ ನಿಮ್ಮ ತಾಯಿ ಏನೆಂದರು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಮರೆವು ಬಂದ ಮಾತ್ರಕ್ಕೆ ಇಷ್ಟಾನಿಷ್ಟಗಳು ಹೋಗುವುದಿಲ್ಲ. ಮೊದಲು ಅವರನ್ನು ಕೇಳಿ, ಆಮೇಲೆ ನಮ್ಮನ್ನು ಕೇಳಿ.
– 81 ವರ್ಷದ ಓದುಗರು, ಧಾರವಾಡ

ತಾಯಿಯನ್ನು ಕೇಳುವುದರ ಜೊತೆಗೇ ಆಗಬೇಕಾದ ಇನ್ನೊಂದು ಕೆಲಸವನ್ನು ವೈದ್ಯರೊಬ್ಬರು ನೆನಪಿಸಿದ್ದಾರೆ.

ಮೂರರಲ್ಲಿ ಯಾವುದು ಎಂಬುದಕ್ಕೆ ಈಗಲೇ ಉತ್ತರ ಹುಡುಕಬೇಡಿ. ಇಂಥ ಶಸ್ತ್ರಚಿಕಿತ್ಸೆಯ ನಂತರ ಹಿರಿಯರಲ್ಲಿ ಕಾಣುವ ಗಲಿಬಿಲಿಯೆಲ್ಲ ಡಿಮೆನ್ಷಿಯಾ ಅಲ್ಲ. ಮೂತ್ರದ ಸೋಂಕು, ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಕುಸಿಯುವ ಸೋಡಿಯಂ, ಥೈರಾಯ್ಡ್ ಕೊರತೆ, ನಿದ್ರೆಮಾತ್ರೆ, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಕೊರತೆ, ಇವೆಲ್ಲ ಮನುಷ್ಯರನ್ನು ಮಂಕಾಗಿಸುತ್ತವೆ, ಮತ್ತು ಇವೆಲ್ಲಕ್ಕೂ ಪರಿಹಾರ ಇದೆ. ಒಂಟಿಯಾಗಿ ಮನೆಯೊಳಗೇ ಉಳಿದವರ ಖಿನ್ನತೆಯೂ ಎಷ್ಟೋ ಸಲ ಮರೆವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕಿವಿ ಮಂದವಾಗಿದ್ದರೆ, ಅವರಿಗೆ ಕೇಳಿಸದೇ ಹೋದ ಮಾತನ್ನು ಮರೆತರೆಂದು ನಾವು ಎಣಿಸುತ್ತೇವೆ. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯನ್ನಾದರೂ ಮಾಡಿಸಿ, ಅವರು ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಗುಣವಾಗಬಹುದಾದ ತೊಂದರೆ ಇರುವವರನ್ನು ಡಿಮೆನ್ಷಿಯಾ ವಿಭಾಗಕ್ಕೆ ಸೇರಿಸಿದರೆ ಅದನ್ನು ಮತ್ತೆ ಹುಡುಕುವವರು ಇರುವುದಿಲ್ಲ.
– ವೈದ್ಯರು, ದಾವಣಗೆರೆ

ಯಾವ ಮಟ್ಟದ ಆರೈಕೆ ಎಂದು ಅಳೆಯಲು ಒಂದು ಹಳೆಯ ಕ್ರಮವಿದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಆರು ಕೆಲಸಗಳಿವೆ: ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಮೇಲಿನ ಹಿಡಿತ, ಊಟ. 1969ರಲ್ಲಿ ಬಂದ ಇನ್ನೊಂದು ಪಟ್ಟಿ ಅಡುಗೆ, ಫೋನು, ಹಣಕಾಸು, ಔಷಧಿ, ಪ್ರಯಾಣದಂಥ ಕೆಲಸಗಳದ್ದು. ಈ ಎರಡನೆಯ ಪಟ್ಟಿಯಲ್ಲಷ್ಟೇ ತೊಡಕಿದ್ದರೆ ಬೆಳಗ್ಗೆ ಸಂಜೆ ಬಂದು ಹೋಗುವವರು ಸಾಕು; ಮೊದಲ ಪಟ್ಟಿಯಲ್ಲಿ ಎರಡು ಮೂರು ಕೆಲಸಗಳಿಗೆ ಬೇರೆಯವರ ಕೈ ಬೇಕಾದರೆ ಸಹಾಯಕರು ಹತ್ತಿರವೇ ಇರಬೇಕು. ಆದರೆ ಇದನ್ನು ನೆಂಟರೆದುರು ಹಗಲಿನಲ್ಲಿ ಅಳೆಯಬೇಡಿ. ನಡುರಾತ್ರಿ ಶೌಚಕ್ಕೆಂದು ಎದ್ದಾಗ ವಾಕರ್ ಹಿಡಿಯುವ ನೆನಪಿರುತ್ತದೆಯೇ, ಚಪ್ಪಲಿಯನ್ನು ಸರಿಯಾಗಿ ಮೆಟ್ಟುತ್ತಾರೆಯೇ, ಬಚ್ಚಲಿನಿಂದ ಹಾಸಿಗೆಗೆ ದಾರಿ ತಪ್ಪದೆ ಬರುತ್ತಾರೆಯೇ ಎಂದು ಅವರ ಪಕ್ಕದಲ್ಲಿ ಮಲಗಿ ನೋಡಿದರೆ ನಿಮಗೇ ತಿಳಿಯುತ್ತದೆ.
– ನಿವೃತ್ತ ನರ್ಸ್, ಉಡುಪಿ

ಮುಂದಿನ ಪತ್ರ ದೀರ್ಘವಾಗಿದೆ. ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ.

ನೀವು ಕೇಳಿದ ಪ್ರಶ್ನೆಯನ್ನೇ ಕೆಲವು ವರ್ಷಗಳ ಹಿಂದೆ ನಾವೂ ಕೇಳಿಕೊಂಡಿದ್ದೆವು. ಅಮ್ಮನಿಗೆ ಅಸಿಸ್ಟೆಡ್ ಲಿವಿಂಗ್ ಎಂದು ತೀರ್ಮಾನಿಸಿದೆವು, ಆ ತೀರ್ಮಾನ ಸರಿಯಾಗಿಯೇ ಇತ್ತು. ಅಲ್ಲಿ ಅವರು ನೆಮ್ಮದಿಯಾಗಿದ್ದರು. ಬೆಳಗ್ಗೆ ದೇವರಿಗೆ ಹೂ ಕಟ್ಟುತ್ತಿದ್ದರು, ಸಂಜೆಯ ಭಜನೆಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಮರೆವು ಬೆಳೆದು ರಾತ್ರಿ ಬಾಗಿಲು ತೆರೆದುಕೊಂಡು ಹೊರಡತೊಡಗಿದಾಗ ಆಡಳಿತದವರು ನಮ್ಮನ್ನು ಕರೆಸಿ, ಇಂಥವರನ್ನು ಇಟ್ಟುಕೊಳ್ಳುವ ವ್ಯವಸ್ಥೆ ನಮ್ಮಲ್ಲಿಲ್ಲ, ಹದಿನೈದು ದಿನದೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದುಬಿಟ್ಟರು. ಒಪ್ಪಂದದ ಕೊನೆಯ ಪುಟದಲ್ಲಿ ಆ ಷರತ್ತು ಇತ್ತಂತೆ; ಸೇರಿಸಿದ ದಿನ ಅದನ್ನು ನಮಗೆ ಯಾರೂ ಹೇಳಿರಲಿಲ್ಲ.

ಹೊಸ ಜಾಗ ಕೊಳಕಾಗಿರಲಿಲ್ಲ, ಸಿಬ್ಬಂದಿ ನಿರ್ದಯಿಗಳೂ ಅಲ್ಲ. ಆದರೆ ಹಳೆಯ ಕೋಣೆಯಲ್ಲಿ ಮಂಚದ ಎಡಕ್ಕೆ ಗೋಡೆ ಇತ್ತು, ಬಲಕ್ಕೆ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಬಚ್ಚಲು. ಹೊಸ ಕೋಣೆಯಲ್ಲಿ ಎಲ್ಲವೂ ತಿರುಗುಮುರುಗು. ಹೆಸರು, ತಾರೀಖುಗಳು ಮರೆತುಹೋದ ಮೇಲೂ ಕೈಕಾಲುಗಳಿಗೆ ಹಳೆಯ ಅಭ್ಯಾಸ ಇರುತ್ತದೆ. ಅಮ್ಮ ಆ ಅಭ್ಯಾಸದಂತೆ ರಾತ್ರಿ ಬಲಕ್ಕೆ ಹೊರಳಿ, ಗೋಡೆಯನ್ನು ತಡವಿ ತಡವಿ, ಇಳಿಯುವ ಜಾಗ ಸಿಗದೆ ಅಲ್ಲೇ ಒದ್ದೆ ಮಾಡಿಕೊಳ್ಳುತ್ತಿದ್ದರು. ಮೂತ್ರದ ಮೇಲೆ ಹಿಡಿತವಿಲ್ಲ ಎಂದು ದಾಖಲೆಯಲ್ಲಿ ಬರೆದು ಡೈಪರ್ ಹಾಕಿದರು. ಮಂಚವನ್ನು ಆಚೆ ಗೋಡೆಗೆ ಹಾಕಿಕೊಡಿ ಎಂದು ನಾನು ಬೇಡಿಕೊಂಡೆ. ಕರೆಗಂಟೆಯ ತಂತಿ ಅಲ್ಲಿಗೆ ಎಟುಕುವುದಿಲ್ಲ ಎಂಬ ಉತ್ತರ ಬಂತು. ಕೊನೆಯವರೆಗೂ ಮಂಚ ಅಲ್ಲೇ ಇತ್ತು. ಹೆಚ್ಚಿನ ಮಟ್ಟದ ಆರೈಕೆ ಎಂದು ಹೆಚ್ಚು ಹಣ ಕೊಟ್ಟ ಕಡೆಯಲ್ಲಿ, ಅಮ್ಮ ತಾವೇ ಮಾಡಿಕೊಳ್ಳಬಲ್ಲ ಕೆಲಸವೊಂದನ್ನು ಅವರಿಂದ ಕಿತ್ತುಕೊಂಡರು. ಅದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ, ಇವತ್ತಿಗೆ ಯಾವ ಮಟ್ಟ ಎಂದು ಕೇಳುವಾಗಲೇ ನಾಳೆ ಮಟ್ಟ ಬದಲಾದರೆ ಏನು ಎಂದೂ ಕೇಳಿ. ಅದೇ ಆವರಣದಲ್ಲಿ ಮುಂದಿನ ವಿಭಾಗಕ್ಕೆ ಹೋಗಬಹುದೇ, ಅಲ್ಲಿ ಜಾಗ ಖಾಲಿಯಿಲ್ಲದಿದ್ದರೆ ಏನು ಮಾಡುತ್ತಾರೆ, ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಒಬ್ಬರು ಸಹಾಯಕರು, ಊಟದ ನಳಿಕೆ ಹಾಕಬೇಕಾಗಿ ಬಂದರೂ ಇಟ್ಟುಕೊಳ್ಳುತ್ತಾರೆಯೇ, ಬಿಡಿಸುವಾಗ ಠೇವಣಿಯಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನೆಲ್ಲ ಕೇಳಿ, ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಮಂಚವನ್ನು ನೀವು ಹೇಳಿದ ಕಡೆ ಹಾಕಿಕೊಡುತ್ತಾರೆಯೇ ಎಂದೂ ಕೇಳಿ.
– ಓದುಗರು, ಮೈಸೂರು

ಈ ಪತ್ರದಲ್ಲಿರುವ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಹೋಗುವುದು ಮೇಲೆಂದು ನಮಗೂ ಅನಿಸುತ್ತದೆ. ಮನೆ ಮಾರುವ ಮಾತಿನ ಬಗ್ಗೆಯೂ ಕೆಲವರು ಬರೆದಿದ್ದಾರೆ.

ಮನೆಯನ್ನು ಆತುರದಲ್ಲಿ ಮಾರಬೇಡಿ, ಮಕ್ಕಳ ಹೆಸರಿಗೆ ದಾನಪತ್ರವನ್ನೂ ಮಾಡಿಸಿಕೊಳ್ಳಬೇಡಿ. ಮಾಡಿಸಿಕೊಳ್ಳಲೇಬೇಕಾದರೆ ತಾಯಿಯನ್ನು ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ; ಆ ಷರತ್ತು ಮುರಿದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ವರ್ಗಾವಣೆಯನ್ನು ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ನಿವೃತ್ತರ ವಸತಿಗಳಿಗೆ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಅದು ಕಾನೂನಲ್ಲ; ನಿಮ್ಮನ್ನು ಕಾಯುವುದು ನೀವು ಸಹಿ ಹಾಕುವ ಒಪ್ಪಂದ.
– ವಕೀಲರು, ಹಾಸನ

ನಾನು ನಿಮ್ಮ ಅಣ್ಣನ ಜಾಗದಲ್ಲಿರುವವನು. ಇಲ್ಲಿ ಕೆಲಸ ಮುಗಿಸಿ ಸಂಜೆ ಕರೆ ಮಾಡಿದರೆ ಊರಿನಲ್ಲಿ ಬೆಳಗ್ಗೆಯಾಗಿರುತ್ತದೆ, ಸ್ನಾನ ಮಾಡಿ ತಿಂಡಿ ತಿಂದು ಲವಲವಿಕೆಯಿಂದ ಕೂತ ತಾಯಿ ನಮಗೆ ಕಾಣುತ್ತಾರೆ. ಸಂಜೆಯ ಗಲಿಬಿಲಿಯನ್ನು ನಾವು ನೋಡುವುದೇ ಇಲ್ಲ. ಅಣ್ಣನೊಡನೆ ವಾದ ಮಾಡುವ ಬದಲು, ಅಮ್ಮನ ಸಂಜೆ ಏಳು ಗಂಟೆಗೆ ಒಂದು ವಾರ ವಿಡಿಯೊ ಕರೆ ಮಾಡಲು ಹೇಳಿ. ಅವರು ಬೆಳಗಿನ ಜಾವ ಏಳಬೇಕಾದೀತು, ಏಳಲಿ.
– ಕನ್ನಡಿಗ ಓದುಗರು, ಕ್ಯಾಲಿಫೋರ್ನಿಯಾ

ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಹತ್ತಿರದ ಸೇವೆಗಳ ಮಾಹಿತಿ ಪಡೆಯಬಹುದೆಂದು ಹಲವರು ತಿಳಿಸಿದ್ದಾರೆ. ಹೆಚ್ಚುಕಡಿಮೆ ಆ ತಾಯಿಯ ವಯಸ್ಸಿನವರೇ ಬರೆದ ಪತ್ರ ಇದು.

ನಾನು ಅಸಿಸ್ಟೆಡ್ ಲಿವಿಂಗ್‌ನಲ್ಲಿದ್ದೇನೆ. ನನ್ನ ಮಕ್ಕಳು ಮೊದಲು ನನ್ನನ್ನು ಕರೆದುಕೊಂಡು ಬಂದು ತೋರಿಸಿದರು, ಆಮೇಲೆ ಒಂದು ತಿಂಗಳ ಮಟ್ಟಿಗೆ ಇದ್ದು ನೋಡು ಎಂದರು. ಇಲ್ಲಿನ ಸಾರು ನನಗೆ ಇಂದಿಗೂ ರುಚಿಸುವುದಿಲ್ಲ, ಆದರೆ ರಾತ್ರಿ ಗಂಟೆ ಒತ್ತಿದರೆ ಯಾರಾದರೂ ಬರುತ್ತಾರೆ ಎಂಬ ಧೈರ್ಯಕ್ಕೆ ನಾನು ಉಳಿದೆ. ನಿಮ್ಮ ತಾಯಿಗೂ ಹೀಗೆ ಒಂದು ತಿಂಗಳ ಅವಕಾಶ ಕೊಡಿ ತಾಯೀ. ಅಷ್ಟು ದಿನ ಊರಿನ ಮನೆಯನ್ನು ಹಾಗೆಯೇ ಇಟ್ಟಿರಿ. ಬೇಡವೆಂದರೆ ವಾಪಸು ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಡಿ, ಅವರು ಬೇಡವೆಂದರೆ ಕರೆದುಕೊಂಡೂ ಹೋಗಿ. ಆಗ ಹೋಮ್ ನರ್ಸ್ ಇಟ್ಟುಕೊಂಡು ಮನೆಯಲ್ಲೇ ಇರುವ ದಾರಿ ಇದ್ದೇ ಇದೆ.
– ಓದುಗರು, ಬೆಂಗಳೂರು