1986ರ ಕ್ಯಾಟಲಿನಾ 30 ಹಾಯಿದೋಣಿ: ಮೊದಲು ಡೆಕ್ಕಾ, ರಿಗ್ಗಿಂಗಾ, ಎಂಜಿನ್ನಾ? ಅನುಭವ ಇದ್ದವರು ಹೇಳಿ

ಹೊಸ_ಹಾಯಿ: ದೋಣಿ ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ, ಅನಾಪೊಲಿಸ್ ಹತ್ತಿರ, ಸದ್ಯ ದಡದ ಮೇಲೆ. ಯೂನಿವರ್ಸಲ್ ಎಂ-25 ಡೀಸೆಲ್. ರಿಗ್ಗಿಂಗ್ (ಮಾಸ್ಟ್ ಹಿಡಿದಿರೋ ತಂತಿಗಳು) ಹಳೆಯದು, ವಯಸ್ಸಿಗೆ ದಾಖಲೆ ಇಲ್ಲ ಅಂತ ದೋಣಿ ಪರೀಕ್ಷಿಸಿದ ಸರ್ವೇಯರ್ ಬರೆದಿದ್ದಾರೆ. ಮಾಸ್ಟ್ (ಹಾಯಿಕಂಬ) ಬುಡದ ಸುತ್ತ ಡೆಕ್ ತುಳಿದರೆ ಮೆತ್ತಗೆ ಬಗ್ಗುತ್ತೆ. ಕೈಯಲ್ಲಿ 8,000 ಡಾಲರ್, ಮೇ ತಿಂಗಳಲ್ಲಿ ನೀರಿಗಿಳಿಸೋ ಆಸೆ. ಯಾವುದರಿಂದ ಶುರು ಮಾಡಲಿ?

ಬಾಲ್ಸಾ_ಭಟ್ಟ: ಡೆಕ್ಕಿನಿಂದ. ಅದು ಎರಡು ಫೈಬರ್‌ಗ್ಲಾಸ್ ಪದರ, ನಡುವೆ ಮರದ ಕೋರ್ (ತಿರುಳು); ಮೆತ್ತಗಾಗೋದು ಆ ಮರ ಕೊಳೆತಾಗ. ಸಿರಿಂಜಿನಲ್ಲಿ ಎಪಾಕ್ಸಿ ಚುಚ್ಚೋ ಚಿಕಿತ್ಸೆಗೆ ಮಾತ್ರ ಹೋಗಬೇಡಿ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಕೊಳೆತಿದೆ. ಡಬ್ ಅಂದ ಗಡಿಯಿಂದ ಇನ್ನೂ 10 ಸೆಂಟಿಮೀಟರ್ ಆಚೆ ಗೆರೆ ಎಳೆದು, ಗರಗಸದ ಆಳ 4 ಮಿಲಿಮೀಟರಿಗೆ ಇಟ್ಟು ಮೇಲಿನ ಪದರ ಮಾತ್ರ ಕೊಯ್ಯಿರಿ. ಪದರ ಒಡೆಯದೆ ಎದ್ದರೆ ಅದನ್ನೇ ವಾಪಸ್ ಕೂರಿಸಬಹುದು. ಒಳಗಿನ ಕಪ್ಪು ಮುದ್ದೆ ಪೂರ್ತಿ ಕೆರೆದು ಒಣಗಿಸಿ. ಹೊಸ ಕೋರಿನ ಎರಡೂ ಮುಖಕ್ಕೆ ಮೊದಲು ಬರೀ ಎಪಾಕ್ಸಿ ಕುಡಿಸಿ, ಆಮೇಲೆ ಸಿಲಿಕಾ ಪುಡಿ ಸೇರಿಸಿ ಹೋಳಿಗೆ ಹೂರಣದ ಹದಕ್ಕೆ ಕಲಸಿದ್ದನ್ನು ಮೆತ್ತಿ ಕೂರಿಸಿ. ದೋಸೆ ಹಿಟ್ಟಿನ ಹದ ಆದರೆ ಇಳಿದು ಹೋಗಿ ಕೆಳಗೆ ಪೊಳ್ಳು ಉಳಿಯುತ್ತೆ. ಅಂಚನ್ನು 12ಕ್ಕೆ 1ರ ಇಳಿಜಾರಿನಲ್ಲಿ ಉಜ್ಜಿ, ಅಂದರೆ 4 ಮಿಮೀ ಪದರಕ್ಕೆ ಸುಮಾರು 5 ಸೆಂಟಿಮೀಟರ್. ಮೇಲೆ 1708 ಅನ್ನೋ ಫೈಬರ್‌ಗ್ಲಾಸ್ ಬಟ್ಟೆ. ವೆಸ್ಟ್ ಸಿಸ್ಟಂ 105 ಎಪಾಕ್ಸಿಗೆ ವೇಗದ 205 ಹಾರ್ಡನರ್ ಹಾಕಿದರೆ ಡಬ್ಬಿಯಲ್ಲಿ ಹತ್ತು ನಿಮಿಷಕ್ಕೆ ಹೊಗೆ. ನಿಧಾನದ 206 ತಗೊಳ್ಳಿ. ಮಾರನೇ ದಿನ ಮೇಲೆ ಬರೋ ಜಿಡ್ಡನ್ನು ನೀರಲ್ಲಿ ತೊಳೆಯದೆ ಸ್ಯಾಂಡಿಂಗ್ ಮಾಡಿದಿರೋ, ಮುಂದಿನ ಪದರ ಹಿಡಿಯಲ್ಲ. ನನಗೆ ಸಾಮಾನು 642 ಡಾಲರ್, ಕೆಲಸ 46 ಗಂಟೆ. ಯಾರ್ಡ್ ಒಂದರ ಎಸ್ಟಿಮೇಟ್ 5,200 ಇತ್ತು.

ಸಿರಿಂಜ್_ಸಿದ್ದ: ಭಟ್ಟರೇ, ಎಲ್ಲಾ ಡೆಕ್ಕೂ ನಿಮ್ಮ ಡೆಕ್ಕಲ್ಲ. ಸ್ಟ್ಯಾಂಕ್ಷನ್ (ಅಂಚಿನ ಬೇಲಿ ಕಂಬ) ಬುಡದಲ್ಲಿ ಅಂಗೈ ಅಗಲ ಪೊಳ್ಳಾಗಿದ್ದಕ್ಕೆ ಡೆಕ್ ಕೊಯ್ಯೋರು ಹಲ್ಲು ನೋವಿಗೆ ದವಡೆ ತೆಗೆಸ್ತಾರೆ. 5 ಮಿಮೀ ಡ್ರಿಲ್, ಎರಡೂವರೆ ಸೆಂಟಿಮೀಟರಿಗೊಂದು ತೂತು, ಕೆಳಪದರ ತೂತಾಗದಂತೆ ಬಿಟ್ಟಿಗೆ ಟೇಪ್ ಸುತ್ತಿ. ಮೂರು ವಾರ ಟಾರ್ಪಾಲಿನ್ ಕೆಳಗೆ ಹೀಟರ್, ತೂತಿಂದ ಬರೋ ಪುಡಿ ಒಣ ಇದ್ದರೆ ಮಾತ್ರ ಚುಚ್ಚೋದು. ಖರ್ಚು 118 ಡಾಲರ್. ಆರು ವರ್ಷ ಆಯ್ತು, ಕಲ್ಲಿನ ಹಾಗಿದೆ.

ಬಾಲ್ಸಾ_ಭಟ್ಟ: ಒದ್ದೆ ಮರ ಎಪಾಕ್ಸಿ ಕುಡಿಯಲ್ಲ ಸ್ವಾಮಿ. ತೂತಿನ ಸುತ್ತ ಒಂದೊಂದು ಗುಂಡಿ ಗಟ್ಟಿಯಾಗುತ್ತೆ, ನಡುವೆ ಕೊಳೆತದ್ದು ಹಾಗೇ. ಇವರದ್ದು ಮಾಸ್ಟ್ ಬುಡ. ಅಲ್ಲಿ ಬಾಲ್ಸಾ (ಹಗುರ ಮರ) ಕೂಡ ಆಗಲ್ಲ, ಜಿ-10 ಫೈಬರ್‌ಗ್ಲಾಸ್ ಹಾಳೆಯನ್ನೋ ಮರೀನ್ ಪ್ಲೈವುಡ್ಡನ್ನೋ ಹಾಕಬೇಕು.

ಸಿರಿಂಜ್_ಸಿದ್ದ: "ಒಣ ಇದ್ದರೆ ಮಾತ್ರ" ಅಂತ ಬರೆದದ್ದು ಕಾಣಲಿಲ್ವಾ?

ಧಾರವಾಡ_ಜಿಬ್: ಡೆಕ್ ಮೆತ್ತಗಾದ್ರ ಕಾಲು ಒಳಗ ಹೋಗತೈತಿ. ರಿಗ್ಗಿಂಗ್ ಹರದ್ರ ಮಾಸ್ಟ್ ತಲಿ ಮ್ಯಾಲೆ ಬೀಳತೈತಿ. ಯಾವುದು ಮೊದಲು ಅಂತ ಕೇಳಬೇಕೇನ್ರಿ? ಹತ್ತರಿಂದ ಹದಿನೈದು ವರ್ಷ ಆದ್ರ ವಾಯರ್ ಬದಲಿ ಮಾಡೂದ. ಕೆಳಗಿನ ಸ್ವೇಜ್ (ವಾಯರ್ ತುದಿಗೆ ಒತ್ತಿ ಕೂಡಿಸಿದ ಕೊಳವಿ) ನೋಡ್ರಿ, ಹತ್ತು ಪಟ್ಟಿನ ಲೆನ್ಸ್ ಹಿಡದು. ಮಳಿ ನೀರು ವಾಯರ್ ಗುಂಟ ಇಳದು ಅಲ್ಲೇ ನಿಂದರತೈತಿ, ಗಾಳಿ ಸಿಗದ ಸಂದಿಯೊಳಗ ಸ್ಟೀಲ್ ತಿಂತೈತಿ, ಕೂದಲದಂಥ ಬಿರುಕು ಉದ್ದಕ ಬರತಾವ. ನಾ ಮ್ಯಾಲಿನ ತುದಿಗೆ ಸ್ವೇಜ್, ಕೆಳಗ ತಿರುಪಿ ಕೂಡಸೂ ತುದಿ, ಸ್ಟಾ-ಲಾಕ್, ಹಾಕೀನಿ, ಎರಡು ಪಾನಾದಾಗ ಆಗೂ ಕೆಲಸ. 316 ಸ್ಟೀಲಿನ 1×19 (19 ಎಳಿ) ವಾಯರ್, ತುದಿ, ಬಿಗಿ ಮಾಡೂ ಟರ್ನ್‌ಬಕಲ್ ಕೂಡಿ 2,310 ಡಾಲರ್. ಕ್ರೇನ್ ಇಳಸಾಕ 340, ಏರಸಾಕ 340. ಮತ್ತ 1/4 ಇಂಚ್ ವಾಯರ್ ಅಂದ್ರ 6.35 ಮಿಮೀ, 6 ಅಲ್ಲ. 6ರ ತುದಿ ತರಿಸಿ ವಾಪಸ್ ಕಳಸಾಕ 62 ಡಾಲರ್ ದಂಡ ಆತು. ವಾಯರ್ ಬುಡ ಹಿಡಿಯೂ ಚೈನ್‌ಪ್ಲೇಟ್ ಸೈತ ಕಿತ್ತು ನೋಡ್ರಿ, ಡೆಕ್ಕಿನ ದಪ್ಪದೊಳಗ ಅಡಗಿದ ಭಾಗನ ಹೋಗೂದು.

ವೋಲ್ಟ್_ವಿಶ್ವ: ಎಲ್ಲರೂ ಎಂಜಿನ್ ಮರೆತಿರಾ? ಕಿತ್ತು ಬಿಸಾಕಿ. 48 ವೋಲ್ಟಿನ 10 ಕಿಲೋವ್ಯಾಟ್ ಮೋಟಾರು, 200 ಆಂಪಿಯರ್-ಅವರ್ ಲಿಥಿಯಂ. ನನ್ನದು 13,400 ಆಯ್ತು. ಆಯಿಲ್ ಇಲ್ಲ, ಇಂಪೆಲ್ಲರ್ (ತಣಿಸೋ ನೀರೆಳೆಯೋ ರಬ್ಬರ್ ಚಕ್ರ) ಇಲ್ಲ, ವಾಸನೆ ಇಲ್ಲ.

ಕುಂದಾಪ್ರ_ಕೀಲ್: ಮಾರಾಯ್ರೇ, ಅವರ ಹತ್ತಿರ ಇರುವುದೇ ಎಂಟು ಸಾವಿರ. ನಿಮ್ಮ ಬ್ಯಾಟರಿಯಲ್ಲಿ ಇರುವುದು ಸುಮಾರು 10 ಕಿಲೋವ್ಯಾಟ್-ಅವರ್. 4 ಕಿಲೋವ್ಯಾಟ್ ಎಳೆದರೆ ಎರಡೂವರೆ ಗಂಟೆಗೆ ಸೊನ್ನೆ. ಚೆಸಪೀಕಿನಲ್ಲಿ ಆಗಸ್ಟ್ ತಿಂಗಳು ಗಾಳಿಯೇ ಇಲ್ಲ. ನನ್ನ 18 ಗ್ಯಾಲನ್ ಟ್ಯಾಂಕಿಗೆ 30 ಗಂಟೆ ಧಾರಾಳ. ಎಂ-25 ಅಂದರೆ ಕುಬೋಟಾ ಬ್ಲಾಕು, ಊರಿನ ಗದ್ದೆಯಲ್ಲಿ ಕೆಸರು ಉಳುವ ಟಿಲ್ಲರಿನ ದಾಯಾದಿ, ಸುಲಭಕ್ಕೆ ಸಾಯುವುದಿಲ್ಲ. ನಾಲ್ಕು ಕೆಲಸ ಮಾಡಿ: ಎಂಜಿನ್ ತಣಿಸುವ 2 ಇಂಚಿನ ಹೀಟ್ ಎಕ್ಸ್‌ಚೇಂಜರ್ ಇದ್ದರೆ 3 ಇಂಚಿನದ್ದು ಹಾಕಿ. ಆಲ್ಟರ್ನೇಟರ್ ಹಳೇ ಬ್ರ್ಯಾಕೆಟ್ಟಿನಲ್ಲಿದ್ದರೆ ಬ್ರ್ಯಾಕೆಟ್ ಬದಲಿಸಿ. ವೈರಿಂಗ್ ಹಾರ್ನೆಸ್ಸಿನ ಟ್ರೈಲರ್ ಮಾದರಿ ಪ್ಲಗ್ ಕತ್ತರಿಸಿ ಟರ್ಮಿನಲ್ ಬ್ಲಾಕ್ ಕೊಡಿ, ಅದರ ಪಿನ್ ತುಕ್ಕು ಹಿಡಿದು ಬಿಸಿಯಾಗಿ ಕರಗುತ್ತದೆ. ಅಮ್ಮೀಟರ್ ತೆಗೆದು ವೋಲ್ಟ್‌ಮೀಟರ್. ಇಂಪೆಲ್ಲರಿನ ರೆಕ್ಕೆ ಮುರಿದಿದ್ದರೆ ತುಂಡು ಸಿಕ್ಕುವ ತನಕ ಹುಡುಕಿ, ಎಕ್ಸ್‌ಚೇಂಜರ್ ಬಾಯಲ್ಲಿ ಕೂತಿರುತ್ತದೆ. ಬೇಸಿಗೆಯಲ್ಲಿ ಲೋಳೆಮೀನು ಸ್ಟ್ರೈನರ್ (ನೀರು ಸೋಸುವ ಜಾಲರಿ) ತುಂಬುತ್ತದೆ, ವಾರಕ್ಕೊಮ್ಮೆ ನೋಡಿ. ಕೊಲ್ಲಿಯ ಸಪ್ಪೆ-ಉಪ್ಪು ನೀರಿಗೆ ಹೊರಗಿನ ಆನೋಡ್ (ತಾನು ಸವೆದು ಉಳಿದ ಲೋಹ ಕಾಯುವ ತುಂಡು) ಸತುವಿನದ್ದಕ್ಕಿಂತ ಅಲ್ಯೂಮಿನಿಯಂ ಒಳ್ಳೆಯದು.

ವೋಲ್ಟ್_ವಿಶ್ವ: 4 ಕಿಲೋವ್ಯಾಟ್ ಯಾರು ಎಳೀತಾರೆ? 2ರಲ್ಲಿ ನಾಲ್ಕು ನಾಟ್ ವೇಗದಲ್ಲಿ ಹೋಗುತ್ತೆ. ಡೀಸೆಲ್ ಹೊಗೆ ಕುಡಿದು ಕುಡಿದು ಲೆಕ್ಕ ಮರೆತಿದ್ದೀರಿ.

ಕುಂದಾಪ್ರ_ಕೀಲ್: ಎದುರು ಎರಡು ನಾಟ್ ಹರಿವು ಇರುವಾಗ ನಿಮ್ಮ ನಾಲ್ಕರಲ್ಲಿ ಉಳಿಯುವುದೆಷ್ಟು, ನೀವೇ ಹೇಳಿ.

ಬಾಲ್ಸಾ_ಭಟ್ಟ: ಇನ್ನೊಂದು. ಡೆಕ್ ಫಿಟ್ಟಿಂಗ್ ವಾಪಸ್ ಕೂರಿಸುವಾಗ 3ಎಂ 5200 ಅಂಟು ಹಚ್ಚಬೇಡಿ. ಮುಂದೆ ತೆಗೆಯೋವಾಗ ಹೊರಪದರದ ಜೆಲ್‌ಕೋಟ್ ಸಮೇತ ಕಿತ್ತು ಬರುತ್ತೆ. ತೂತಿನ ಬಾಯಿಗೆ ಕೌಂಟರ್‌ಸಿಂಕ್ ಕೊಟ್ಟು ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟುಪಟ್ಟಿ) ಹಾಕಿ.

ಧಾರವಾಡ_ಜಿಬ್: ಬ್ಯೂಟೈಲ್ ನೀರಿನ ಕೆಳಗ ಹಚ್ಚಬ್ಯಾಡ್ರಿ ಮತ್ತ. ದೋಣಿ ತಳದ ತೂತಿಗೆ ಕೂಡಸೂ ಥ್ರೂ-ಹಲ್‌ಗೆ ಬ್ಯೂಟೈಲ್ ಹಚ್ಚಿದವರನ್ನ ನೋಡೇನಿ.

ಕುಂದಾಪ್ರ_ಕೀಲ್: ಥ್ರೂ-ಹಲ್ ಅಂದಾಗ ನೆನಪಾಯಿತು. ಗೇಟ್ ವಾಲ್ವ್ ಇದ್ದರೆ ಕಿತ್ತು ಹಾಕಿ. ಬರೀ ಬಾಲ್ ವಾಲ್ವ್ ತಿರುಪಿದರೆ ಥ್ರೂ-ಹಲ್ಲಿನ ನೇರ ಮರೆ (ತಿರುಪಿನ ಸುತ್ತು) ಒಂದು, ವಾಲ್ವಿನ ಓರೆ ಮರೆ ಇನ್ನೊಂದು. ಎರಡು ಮೂರು ಸುತ್ತು ಹಿಡಿದು ನಿಲ್ಲುತ್ತದೆ, ಮೇಲೆ ಕಾಲಿಟ್ಟರೆ ಮುರಿಯುತ್ತದೆ. ಅಗಲ ಪಾದದ ಕಂಚಿನ ಸೀಕಾಕ್ (ತಳದ ವಾಲ್ವ್) ಬೇಕು. ಕೆರೆದಾಗ ತಿಳಿಗುಲಾಬಿ ಬಣ್ಣ ಕಂಡರೆ ಅದು ಕಂಚಲ್ಲ, ಸತು ಕಳೆದುಕೊಂಡ ಹಿತ್ತಾಳೆ.

ಹೊಸ_ಹಾಯಿ: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಯಾಬಿನ್ ನೆಲ ಎತ್ತಿ ನೋಡಿದೆ. ಮಾಸ್ಟಿನ ಭಾರ ಹೊರೋ ಕಂಬದ ಕೆಳಗಿನ ಮರದ ದಿಮ್ಮಿಗೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಬಾತ್‌ರೂಮ್ ಬಾಗಿಲು ಕೂಡ ಮುಚ್ಚಲ್ಲ.

ಧಾರವಾಡ_ಜಿಬ್: ಬಾಗಿಲು ಹಿಡೀತೈತಿ ಅಂದ್ರ ಡೆಕ್ ಕೆಳಗ ಕುಂತೈತಿ. ಶ್ರೌಡ್ (ಮಗ್ಗಲಿನ ವಾಯರ್) ಸಡಿಲ ಅಂತ ಬಿಗಿ ಮಾಡಬ್ಯಾಡ್ರಿ, ಇನ್ನಷ್ಟು ಇಳೀತೈತಿ. ಕ್ರೇನ್ ಹೇಳ್ರಿ. ಮಾಸ್ಟ್ ಒಮ್ಮೆ ಇಳಿದ್ರ ದಿಮ್ಮಿ, ಡೆಕ್, ವಾಯರ್ ಮೂರೂ ಒಂದ ಬಾಡಗ್ಯಾಗ ಆಗತಾವ.

ಸಿರಿಂಜ್_ಸಿದ್ದ: ಆ ದಿಮ್ಮಿಗೂ ಮೊದಲು ಚುಚ್ಚಿ ನೋಡಬಹುದಿತ್ತು.

ಬಾಲ್ಸಾ_ಭಟ್ಟ: ದೇವರೇ.