ಒಂದೇ ದಿನ ಭೂಗೋಳ, ಕಾನೂನು, ಅಪರಾಧಶಾಸ್ತ್ರ: ಸೈಕಲ್ ಕಳವಿನ ಪಾಠ ಹೆಂಗ್ ಹೊಂದಸೋದು?

ಸಮಾಜ ಟೀಚರ್, ಧಾರವಾಡ
ಒಂಬತ್ತನೇ ಕ್ಲಾಸಿಗೆ ಒಂದು ಪೂರ್ತಿ ದಿನ ಸಿಕ್ಕೈತಿ, ಒಂದೊಂದು ವಿಷಯಕ್ಕ 80 ನಿಮಿಷ. ಮೂರೂ ಬಿಡಿಬಿಡಿ ಹೇಳೋದಕ್ಕಿಂತ, ಸಾಲಿ ಸ್ಟ್ಯಾಂಡಿನಿಂದ ಸೈಕಲ್ ಕಳವಾತು ಅಂತ ಒಂದು ಕಲ್ಪಿತ ಪ್ರಕರಣದ ಮ್ಯಾಲೆ ನಡೆಸೋ ವಿಚಾರ. ಸೈಕಲ್ ಕಿಮ್ಮತ್ತು 4,500 ರೂಪಾಯಿ, ಕದ್ದಾವ ಅದೇ ಸಾಲಿ 15 ವರ್ಷದ ಹುಡುಗ. ಯಾವ ಟೋಪೋಶೀಟ್ (ಸರ್ವೇ ಇಲಾಖೆ ಭೂನಕ್ಷೆ) ಬೇಕು? ಎಫ್‌ಐಆರ್ ಯಾವ ಕಲಮಿನ ಕೆಳಗ? ಬೆರಳಚ್ಚು, ಹೆಜ್ಜೆಗುರುತು ಮಾಡಿಸಿದರ ಅಪರಾಧಶಾಸ್ತ್ರ ಆದಂಗ ಆತೇನು?

ನಕ್ಷೆ ಮಾಸ್ತರ
ಧಾರವಾಡಕ್ಕ ಒಂದು ಶೀಟ್ ಸಾಲೂದಿಲ್ರಿ. 75 ಡಿಗ್ರಿ ಪೂರ್ವ ರೇಖಾಂಶ ಊರನ್ನ ಹಾದು ಹೋಗತೈತಿ. ಹಳೇ ನಂಬರಿನಾಗ ಅದರ ಪಶ್ಚಿಮಕ್ಕ 48ಐ/15, ಪೂರ್ವಕ್ಕ 48ಎಂ/3. ಕರ್ನಾಟಕ ವಿಶ್ವವಿದ್ಯಾಲಯ ಮೊದಲನೇದರಾಗ, ಹುಬ್ಬಳ್ಳಿ ಎರಡನೇದರಾಗ. ಎರಡೂ ಅಂಚು ಜೋಡಿಸಿ ಅಂಟಿಸ್ರಿ. ಆ ಜೋಡಿಸೋ ಕೆಲಸದಾಗನ ರೇಖಾಂಶದ ಪಾಠ ಅರ್ಧ ಮುಗೀತೈತಿ.

ಈ ಶೀಟಿನ ಪ್ರಮಾಣ 1:50,000, ಅಂದರ 2 ಸೆಂ.ಮೀ.ಗೆ 1 ಕಿ.ಮೀ.; ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗ ಜೋಡಿಸೋ ಗೆರಿ) ಅಂತರ 20 ಮೀ. ಝೆರಾಕ್ಸ್ ಅಂಗಡಿಯವ್ರು ಎ4 ಹಾಳಿಗೆ ಕುಗ್ಗಿಸಿ ಕೊಟ್ಟರಂದ್ರ ಈ ಲೆಕ್ಕ ಸತ್ತಂಗ. ನಕ್ಷೆ ಕೆಳಗಿನ ರೇಖಾಮಾನ ಸೇರಿಸಿ ಕುಗ್ಗಿಸಿದ್ದರ ಮಾತ್ರ ದೂರ ಸರಿ ಬರತೈತಿ, ಯಾಕಂದ್ರ ಅದೂ ಜೊತಿಗೇ ಕುಗ್ಗಿರತೈತಿ.

ಎಫ್‌ಐಆರ್ ನಮೂನೆಯೊಳಗ ಘಟನಾ ಸ್ಥಳಕ್ಕ ಠಾಣೆಯಿಂದ ದಿಕ್ಕು, ದೂರ ಅಂತ ಒಂದು ಅಂಕಣ ಐತಿ. ಭೂಗೋಳದ ಪಿರಿಯಡ್ಡಿನಾಗ ಹುಡುಗರು ಅದನ್ನ ತುಂಬಲಿ. ಆದರ ಟೋಪೋಶೀಟಿನಾಗ 1 ಮಿ.ಮೀ. ಅಂದರ 50 ಮೀಟರ್, ಸ್ಟ್ಯಾಂಡು ಕಾಣೂದಿಲ್ಲ. ಅದಕ್ಕ ಟೇಪ್ ಹಿಡದು 1:200ರ ಕೈನಕ್ಷೆ ಬೇರೆ ಬರಸ್ರಿ. 30 ಮೀಟರ್ ಅಂಗಳ 15 ಸೆಂ.ಮೀ. ಆಗತೈತಿ. ತಗಡಿನ ಶೆಡ್ಡು, ಸೈಕಲ್‌ಗಳ ನಡುವ ನಿಂತು ದಿಕ್ಸೂಚಿ ನೋಡಬ್ಯಾಡ್ರಿ, ಕಬ್ಬಿಣಕ್ಕ ಮುಳ್ಳು ಜಗ್ಗತೈತಿ.

ವ್ಯಾಳೆ ಉಳದರ ಜಲವಿಭಾಜಕ, ಅಂದರ ಮಳಿನೀರು ಎರಡು ಕಡೆ ಒಡದು ಹರಿಯೋ ದಿನ್ನಿ, ಹುಡುಕಸ್ರಿ. ಶಾಲ್ಮಲಾ ನೀರು ಬೇಡ್ತಿ ಸೇರಿ ಅರಬ್ಬಿ ಸಮುದ್ರಕ್ಕ, ಬೆಣ್ಣಿಹಳ್ಳದ್ದು ಮಲಪ್ರಭಾ, ಕೃಷ್ಣಾ ಹಿಡದು ಬಂಗಾಳ ಕೊಲ್ಲಿಗೆ.

ಕರಿಕೋಟು, ಹುಬ್ಬಳ್ಳಿ
ನಿಮ್ಮ ಕಥೆ ಹೀಗೇ ಇದ್ದರೆ ಎಫ್‌ಐಆರ್ ಆಗುವುದೇ ಇಲ್ಲ ಮೇಡಂ, ಎರಡು ಕಾರಣಕ್ಕೆ.

ಒಂದು, ಕಿಮ್ಮತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು ಕಲಂ 303(2). 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಅಸಂಜ್ಞೇಯ: ನಾಗರಿಕ ಸುರಕ್ಷಾ ಸಂಹಿತೆಯ ಕಲಂ 174ರಂತೆ ಠಾಣೆಯ ಪುಸ್ತಕದಲ್ಲಿ ದಾಖಲಾಗುತ್ತದೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೊದಲ ಸಲ ಶಿಕ್ಷೆಯಾದವನು ವಸ್ತು ಮರಳಿಸಿದರೆ ಶಿಕ್ಷೆ ಸಮುದಾಯ ಸೇವೆ. ಕಿಮ್ಮತ್ತು 7,000 ಅಂತ ಬರೆಯಿರಿ. ಆಗ ಅದೇ ಸುರಕ್ಷಾ ಸಂಹಿತೆಯ ಕಲಂ 173ರಡಿ ಎಫ್‌ಐಆರ್, 3 ವರ್ಷದವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ಹಳೆಯ ಗೈಡುಗಳಲ್ಲಿ ಇನ್ನೂ ಹಿಂದಿನ ಐಪಿಸಿಯ 379, ಸಿಆರ್‌ಪಿಸಿಯ 154 ಎಂದೇ ಇದೆ, ಅದನ್ನು ನಕಲು ಮಾಡಬೇಡಿ.

ಎರಡು, ವಯಸ್ಸು. 15ರ ಹುಡುಗ ಬಾಲನ್ಯಾಯ ಕಾಯ್ದೆ 2015ರ ವ್ಯಾಪ್ತಿಗೆ ಬರುತ್ತಾನೆ. ಇಂಥ ಸಣ್ಣ ಪ್ರಕರಣವನ್ನು ಠಾಣೆಯ ದಿನಚರಿಯಲ್ಲಿ ಬರೆದು, ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಲಾಕಪ್ಪಿಲ್ಲ, ಕೈಕೋಳವಿಲ್ಲ, ಕಲಂ 74ರಂತೆ ಹೆಸರು, ಶಾಲೆ ಬಹಿರಂಗ ಮಾಡುವಂತಿಲ್ಲ. ಆರೋಪಿಗೆ 20 ವರ್ಷ ಅಂತ ಮಾಡಿಕೊಳ್ಳಿ. ನಾಟಕಕ್ಕೆ ಅಂತಲೂ ಯಾವ ವಿದ್ಯಾರ್ಥಿಯನ್ನೂ ಆರೋಪಿ ಮಾಡಬೇಡಿ. ಆ ಅಡ್ಡಹೆಸರು ಹತ್ತನೇ ಕ್ಲಾಸು ಮುಗಿದರೂ ಬಿಡುವುದಿಲ್ಲ.

ದೂರುದಾರರಿಗೆ ಎಫ್‌ಐಆರ್ ಪ್ರತಿ ಉಚಿತ. ಠಾಣೆಯವರು ಬರೆದುಕೊಳ್ಳದಿದ್ದರೆ 173(4)ರಂತೆ ಲಿಖಿತವಾಗಿ ಎಸ್‌ಪಿಗೆ, ಆಮೇಲೆ ಮ್ಯಾಜಿಸ್ಟ್ರೇಟರಿಗೆ. ಮಕ್ಕಳಿಗೆ ದೊಡ್ಡವರಾದ ಮೇಲೂ ಉಪಯೋಗಕ್ಕೆ ಬರುವುದು ಇದೇ.

ಅಪರಾಧಶಾಸ್ತ್ರ ಓದಿದಾಕಿ
ಬೆರಳಚ್ಚು ನ್ಯಾಯವಿಜ್ಞಾನದ ಕೆಲಸ, ಅಂದರೆ ಯಾರು ಮಾಡಿದರು ಅನ್ನೋದು. ಇಲ್ಲೇ ಯಾಕೆ ಆಯಿತು, ಈ ಹೊತ್ತಿಗೇ ಯಾಕೆ ಅಂತ ಕೇಳೋದು ಅಪರಾಧಶಾಸ್ತ್ರ. ಕೋಹೆನ್, ಫೆಲ್ಸನ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞರು 1979ರಲ್ಲಿ ಮಂಡಿಸಿದ ಸಿದ್ಧಾಂತ ಈ ವಯಸ್ಸಿನವರಿಗೆ ಸಾಕು: ಕದಿಯೋ ಮನಸ್ಸಿರೋನು, ಕೈಗೆಟುಕೋ ವಸ್ತು, ಕಾಯೋರಿಲ್ಲದ ಜಾಗ, ಮೂರೂ ಒಂದೇ ಕಡೆ ಕೂಡಬೇಕು. 1:200ರ ಕೈನಕ್ಷೆಯನ್ನೇ ತಗೊಂಡು ಬೀಗ ಹಾಕದ ಸೈಕಲ್ ಎಷ್ಟು, ಯಾವ ಕಿಟಕಿಯಿಂದ ಸ್ಟ್ಯಾಂಡು ಕಾಣುತ್ತೆ, ಗೇಟಿನಿಂದ ಯಾವ ಮೂಲೆ ಮರೆ ಅಂತ ಬಣ್ಣದಲ್ಲಿ ಗುರುತು ಹಾಕಿಸಿ.

ಅಂಕಿಅಂಶದಲ್ಲಿ ಎಡವೋದು ಛೇದದಲ್ಲಿ. ಹುಬ್ಬಳ್ಳಿ ರೈಲ್ವೆ ಸ್ಟೇಷನ್ ಸುತ್ತಲಿನ ಸೈಕಲ್ ಕಳವನ್ನು ಅಲ್ಲಿ ವಾಸಿಸೋರ ಸಂಖ್ಯೆಯಿಂದ ಭಾಗಿಸಿದರೆ ಅರ್ಥವಿಲ್ಲ. ಅಲ್ಲಿ ನಿಲ್ಲೋ ಸೈಕಲ್‌ಗಳಿಂದ ಭಾಗಿಸಬೇಕು.

ಒಂದು ಭಾಗ ಬಿಡಲೇಬೇಡಿ: ಹುಟ್ಟಾ ಅಪರಾಧಿ ಅನ್ನೋ ಇಟಲಿಯ ವೈದ್ಯ ಲೊಂಬ್ರೋಸೊನ 1876ರ ವಾದ, ಅದು ಯಾಕೆ ಬಿದ್ದುಹೋಯಿತು ಅನ್ನೋದು. ಅದೇ ಕಾಲದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ (1871) ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿತು, 1911ರ ಕಾಯ್ದೆ ಅದನ್ನು ಆಗ ನಾವಿದ್ದ ಮುಂಬಯಿ ಪ್ರಾಂತ್ಯಕ್ಕೂ ತಂದಿತು, ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಓಣಿಯ ಹೆಸರು, ಅಂಥ ಸಮುದಾಯಗಳನ್ನು ಅಲ್ಲಿ ಇರಿಸಿದ್ದ ಆ ಕಾಲದ್ದೇ. ಆ ಓಣಿಯ ಮಕ್ಕಳು ನಿಮ್ಮ ಕ್ಲಾಸಿನಲ್ಲೂ ಇರಬಹುದು. ಕಾಯ್ದೆ ಏನು ಮಾಡಿತು ಅಂತ ಹೇಳಿ, ಜಾತಿಗಳ ಪಟ್ಟಿ ಓದಬೇಡಿ.

ಸಮಾಜ ಟೀಚರ್, ಧಾರವಾಡ
7,000, 20 ವರ್ಷ, ತಿದ್ದೀನಿ. ಹೆಜ್ಜೆಗುರುತು ಹುಡುಗರು ಬಿಡವಲ್ರು, ಅದನ್ನ ಊಟದ ಬಿಡುವಿಗೆ ಇಡ್ತೀನಿ. ಅಂಗಳ ಎರಿಮಣ್ಣು, ನಡೀತೈತೇನು?

ಅಪರಾಧಶಾಸ್ತ್ರ ಓದಿದಾಕಿ
ಹಸಿ ಎರಿಮಣ್ಣು ಬೂಟಿಗೇ ಮೆತ್ತಿಕೊಂಡು ಬರುತ್ತೆ, ಒಣಗಿದರೆ ಬಿರುಕು. ಒಂದು ಬುಟ್ಟಿ ಮಸಾರಿ ಮಣ್ಣು ಜರಡಿ ಹಿಡಿದು, ಸ್ವಲ್ಪ ನೀರು ಚಿಮುಕಿಸಿ ಟ್ರೇಯಲ್ಲಿ ಹರಡಿ. ಒಂದು ಗುರುತಿನ ಅಚ್ಚಿಗೆ ಸುಮಾರು 1 ಕೆ.ಜಿ. ಪ್ಲಾಸ್ಟರ್ ಆಫ್ ಪ್ಯಾರಿಸ್, ಅರ್ಧ ಲೀಟರ್ ನೀರು. ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಹಾಕಿದರೆ ಗಂಟಾಗುತ್ತೆ. ಗುರುತಿನ ಮೇಲೇ ಸುರೀಬೇಡಿ, ಪಕ್ಕದ ಮಣ್ಣಿಗೆ ಸುರಿದು ತಾನಾಗಿ ಒಳಗೆ ಹರಿಯಲಿ. ಬಿಗಿಯಾಗೋ ಮೊದಲು ಅಚ್ಚಿನ ಬೆನ್ನಮೇಲೆ ಕಡ್ಡಿಯಿಂದ ತಾರೀಖು ಗೀರಿಸಿ. ಅರ್ಧ ತಾಸಿಗೆ ಎತ್ತಬಹುದು, ಮಣ್ಣು ತೆಗೆಯೋಕೆ ಬ್ರಶ್ ಹಾಕೋದು ಮಾತ್ರ ಮರುದಿನ.