ಸಹಾಯ ಬೇಕು: ಟ್ರ್ಯಾಕರ್ ಇಲ್ಲದೆ ಓರಿಯನ್ ನೀಹಾರಿಕೆ ತೆಗೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಳೆದ ಅಮಾವಾಸ್ಯೆ ರಾತ್ರಿ ಚಿತ್ರದುರ್ಗದ ಹತ್ತಿರ ನಮ್ಮ ಹೊಲದಿಂದ ಓರಿಯನ್ ನೀಹಾರಿಕೆಯ ಫೋಟೋ ತೆಗೆದೆ. ನನ್ನ ಹತ್ತಿರ ಇರೋದು ಕೆನಾನ್ 1500ಡಿ ಕ್ಯಾಮೆರಾ, 50 ಎಂಎಂ ಲೆನ್ಸ್, ಒಂದು ಹಳೇ ಟ್ರೈಪಾಡ್; ಆಕಾಶ ತಿರುಗಿದಂತೆ ಕ್ಯಾಮೆರಾ ತಿರುಗಿಸೋ ಟ್ರ್ಯಾಕರ್ ಇಲ್ಲ. ಐಎಸ್‌ಒ 1600, ಎಫ್/2.8, 6 ಸೆಕೆಂಡಿನ 80 ಫೋಟೋ ತೆಗೆದು ಡೀಪ್‌ಸ್ಕೈಸ್ಟ್ಯಾಕರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಸೇರಿಸಿದೆ. ಸುಮಾರು 1,350 ಜ್ಯೋತಿರ್ವರ್ಷ ದೂರದ ಆ ನಸುಗೆಂಪು ಮೋಡ ನನ್ನ ಪರದೆ ಮೇಲೆ ಮೂಡಿದಾಗ ಮೈ ಜುಮ್ಮೆಂದಿತು!

ಆದರೆ ಜೂಮ್ ಮಾಡಿದರೆ ನಕ್ಷತ್ರಗಳೆಲ್ಲ ಅಕ್ಕಿಕಾಳಿನ ಹಾಗೆ ಉದ್ದ. 500ರ ಸೂತ್ರದ ಪ್ರಕಾರ (500 ಅನ್ನು ಲೆನ್ಸಿನ ಎಂಎಂನಿಂದ ಭಾಗಿಸಿದರೆ ನಕ್ಷತ್ರ ಉದ್ದವಾಗದಂತೆ ಇಡಬಹುದಾದ ಸೆಕೆಂಡ್), ಚಿಕ್ಕ ಸೆನ್ಸರ್‌ನ 1.6 ಪಟ್ಟು ಕ್ರಾಪ್ ಲೆಕ್ಕ ಹಿಡಿದೇ 6 ಸೆಕೆಂಡ್ ಇಟ್ಟಿದ್ದೆ. 24 ಮೆಗಾಪಿಕ್ಸೆಲ್‌ಗೆ ಆ ಸೂತ್ರ ಸಾಲದು ಅನಿಸುತ್ತೆ. 2 ಸೆಕೆಂಡಿಗೆ ಇಳಿಸಿ 300 ಫೋಟೋ ತೆಗೆದರೆ ಗ್ರೇನ್ಸ್ (ಚಿತ್ರದಲ್ಲಿ ಕಾಣೋ ಚುಕ್ಕೆಚುಕ್ಕೆ) ಹೆಚ್ಚಾಗುತ್ತಾ?

ಇನ್ನೊಂದು ಯೋಚನೆ: ಎರಡು ಹಲಗೆ, ಒಂದು ಬಿಜಾಗರಿ, ಒಂದು ಬೋಲ್ಟ್ ಹಾಕಿ ಬಡಗಿ ಮಾವನ ಕೈಲಿ ಬಾಗಿಲಿನ ಹಾಗೆ ನಿಧಾನಕ್ಕೆ ತೆರೆಯುತ್ತಾ ಕ್ಯಾಮೆರಾ ತಿರುಗಿಸೋ ಬಾರ್ನ್ ಡೋರ್ ಟ್ರ್ಯಾಕರ್ ಮಾಡಿಸೋದು. ಆಕಾಶ ಧ್ರುವ ನಕ್ಷತ್ರದ ಸುತ್ತ ತಿರುಗಿದಂತೆ ಕಾಣೋದರಿಂದ ಬಿಜಾಗರಿಯನ್ನು ಅದರ ಕಡೆ ತಿರುಗಿಸಬೇಕಲ್ಲ, ನಮ್ಮಲ್ಲಿ ಅದು ಬರೀ 14 ಡಿಗ್ರಿ ಎತ್ತರ, ಪೂರ್ತಿ ಗುಡ್ಡದ ಮರೆಗೆ. ಧ್ರುವ ಕಾಣದೆ ದಿಕ್ಕು ಹೊಂದಿಸಿದವರು ಯಾರಾದರೂ ಇದ್ದೀರಾ? ದಿಕ್ಸೂಚಿ ಆ್ಯಪ್ ನಂಬಬಹುದಾ? ಮುಂದಿನ ಅಮಾವಾಸ್ಯೆಯೊಳಗೆ ಹೇಳಿದರೆ ತುಂಬಾ ಉಪಕಾರ.